ನೀರಿನ ಪಂಚಾಂಗ ನೋಡಿ ಹಾಯಿ ಬಿಚ್ಚುವವರು

ಮೇ ತಿಂಗಳ ಮೊದಲ ಶನಿವಾರ. ಸಿಯಾಟಲ್ ನಗರದ ಮಾಂಟ್‌ಲೇಕ್ ಕಾಲುವೆಯ ಎರಡೂ ದಂಡೆಗಳಲ್ಲಿ ಜನ ಕಂಬಳಿ ಹಾಸಿಕೊಂಡು, ಮಕ್ಕಳನ್ನು ಹೆಗಲಿಗೇರಿಸಿಕೊಂಡು, ಕಾಫಿ ಲೋಟ ಹಿಡಿದು ಕಾದಿರುತ್ತಾರೆ. ಮೇಲಿನ ಸೇತುವೆ 1925ರಲ್ಲಿ ಕಟ್ಟಿದ್ದು; ಅಂದು ಅದು ನಡುವೆ ಬಿರಿದು, ಎರಡು ತೋಳುಗಳನ್ನೂ ಆಕಾಶಕ್ಕೆತ್ತಿ ನಿಲ್ಲುತ್ತದೆ. ಬಸ್ಸು, ಕಾರುಗಳು ಅತ್ತ ಇತ್ತ ಸುಮ್ಮನೆ ನಿಂತಿರುತ್ತವೆ. ದೋಣಿಗೆ ದಾರಿ ಬಿಡುವುದು ಆ ದಿನದ ಧರ್ಮ.

ಮೊದಲು ಹುಟ್ಟು ಹಾಕುವವರ ಪಂದ್ಯ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಂಟೆಂಟು ಜನರ ತಂಡಗಳು ಹೊರಗಿನಿಂದ ಬಂದ ತಂಡಗಳೊಡನೆ ಸೆಣಸುತ್ತವೆ. 1987ರಲ್ಲಿ ಶುರುವಾದ ಈ ಪಂದ್ಯಕ್ಕೆ ಆ ವರ್ಷ ಬಂದ ಎದುರಾಳಿ ಸೋವಿಯತ್ ಒಕ್ಕೂಟ. ಅದು ಮುಗಿದ ಮೇಲೆ ಮೆರವಣಿಗೆ. ಹಳೆಯ ಮರದ ನೌಕೆಗಳು, ಹಾಯಿದೋಣಿಗಳು, ವರ್ಷಕ್ಕೊಂದರಂತೆ ಆರಿಸಿದ ವಿಷಯಕ್ಕೆ ತಕ್ಕಂತೆ ಸಿಂಗರಿಸಿಕೊಂಡ ದೋಣಿಗಳು ಒಂದರ ಹಿಂದೊಂದು ಕಾಲುವೆಯಲ್ಲಿ ಹಾದು ವಾಷಿಂಗ್ಟನ್ ಸರೋವರ ಸೇರುತ್ತವೆ. ನೀಲಿ ಕೋಟು ತೊಟ್ಟ ಹಿರಿಯರು ಗಂಭೀರವಾಗಿ ಸೆಲ್ಯೂಟ್ ಹೊಡೆಯುತ್ತಾರೆ. ಯುದ್ಧ ಕಾಣದ ನೌಕಾಪಡೆಯೊಂದರ ಕವಾಯತು ಎನ್ನಿಸಿ ನಗು ಬಂದರೆ ತಪ್ಪೇನಿಲ್ಲ.

ಇದು ಸಿಯಾಟಲ್‌ನವರು ‘ಓಪನಿಂಗ್ ಡೇ’ ಎನ್ನುವ ದಿನ, ದೋಣಿ ಋತುವಿನ ಉದ್ಘಾಟನೆ. ಬೇಸಿಗೆ ಮಾತ್ರ ಅಂದು ಬಂದಿರುವುದಿಲ್ಲ. ಎಷ್ಟೋ ವರ್ಷ ಮೆರವಣಿಗೆ ತುಂತುರಿನಲ್ಲೇ ನಡೆಯುತ್ತದೆ. ಇಲ್ಲಿ ಬೇಸಿಗೆ ಆರಂಭವಾಗುವುದು ಜುಲೈ 5ಕ್ಕೆ ಎಂಬುದು ಊರವರ ಹಳೆಯ ತಮಾಷೆ. ಅಲ್ಲಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಮಳೆ ಅಪರೂಪವಾದ ದಿನಗಳು; ಜುಲೈಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೂ ಬೆಳಕಿರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ದೋಣಿಗಳು ಸಾಲುಗಟ್ಟಿ ನಿಂತಿರುವ ಕಾಲವೇ ಸಿಯಾಟಲ್‌ನವರಿಗೆ ಸುಗ್ಗಿ.

ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ–ಅಮ್ಮ ಬರುವುದೂ ಹೆಚ್ಚಾಗಿ ಇದೇ ತಿಂಗಳುಗಳಲ್ಲಿ. ಜಗತ್ತಿನಲ್ಲೇ ಅತಿ ಉದ್ದದ್ದೆನಿಸಿದ 520 ಹೆದ್ದಾರಿಯ ತೇಲುಸೇತುವೆಯ ಮೇಲೆ ಕಾರಿನಲ್ಲಿ ಹೋಗುವಾಗ ಎರಡೂ ಬದಿಗೆ ಬಿಳಿ ಹಾಯಿಗಳು ಕಾಣುತ್ತವೆ. “ಇವರೆಲ್ಲ ಎಲ್ಲಿಗೆ ಹೋಗ್ತಾರೆ?” ಎಂದು ಅಮ್ಮ ಕೇಳುತ್ತಾರೆ. “ಯಾಟ್ ಕ್ಲಬ್‌ನವರು, ದುಡ್ಡಿದ್ದೋರು” ಎಂದು ಮಗ ಹೇಳಿ ಮಾತು ಮುಗಿಸುತ್ತಾನೆ. ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಕ್ಲಬ್ಬಿನಲ್ಲಿ ಏನಿದೆ?

ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ 1720ರಲ್ಲಿ ಕೆಲವು ಶ್ರೀಮಂತರು ಕಟ್ಟಿಕೊಂಡ ಕೂಟದಲ್ಲಿ ಯಾಟ್ ಕ್ಲಬ್ಬುಗಳ ಬೇರಿದೆ. ನ್ಯೂಯಾರ್ಕ್ ಯಾಟ್ ಕ್ಲಬ್ 1844ರದ್ದು. ಎರಡೇ ವರ್ಷಕ್ಕೆ, 1846ರಲ್ಲಿ, ಬ್ರಿಟಿಷರು ಬಾಂಬೆಯಲ್ಲೂ ಒಂದನ್ನು ಕಟ್ಟಿಕೊಂಡರು. ಗೇಟ್‌ವೇ ಆಫ್ ಇಂಡಿಯಾ ಪಕ್ಕದಲ್ಲಿ ಅದು ಈಗಲೂ ಇದೆ. ಸಿಯಾಟಲ್ ಯಾಟ್ ಕ್ಲಬ್ ಹುಟ್ಟಿದ್ದು 1892ರಲ್ಲಿ. ಪೋರ್ಟೇಜ್ ಬೇಯಲ್ಲಿರುವ ಅದರ ಬಿಳಿ ಕಟ್ಟಡ 1920ರದ್ದು.

ಇಂಥ ಕ್ಲಬ್ಬಿಗೆ ಅಧ್ಯಕ್ಷರಿಲ್ಲ, ಕಮೊಡೋರ್ ಇರುತ್ತಾರೆ. ಅವರ ಕೆಳಗೆ ವೈಸ್ ಕಮೊಡೋರ್, ರಿಯರ್ ಕಮೊಡೋರ್. ಹೆಸರೆಲ್ಲ ನೌಕಾಪಡೆಯದು, ಕೆಲಸ ಮಾತ್ರ ನಮ್ಮೂರಿನ ಸಂಘದ ಪದಾಧಿಕಾರಿಗಳದ್ದೇ: ಚಂದಾ ವಸೂಲಿ, ಧಕ್ಕೆ ರಿಪೇರಿ, ಊಟದ ಏರ್ಪಾಡು, ಮುನಿಸಿಕೊಂಡ ಸದಸ್ಯರ ಸಮಾಧಾನ. ಪ್ರತಿ ಕ್ಲಬ್ಬಿಗೂ ತನ್ನದೇ ಒಂದು ಪುಟ್ಟ ಮುಕ್ಕೋನ ಬಾವುಟ. ಈ ಬಾವುಟಕ್ಕೆ ತಕ್ಕಮಟ್ಟಿನ ಬೆಲೆಯಿದೆ. ಕ್ಲಬ್ಬುಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡು, ಒಂದರ ಸದಸ್ಯರಿಗೆ ಇನ್ನೊಂದರ ಧಕ್ಕೆಯಲ್ಲಿ ಒಂದೆರಡು ರಾತ್ರಿ ದೋಣಿ ಕಟ್ಟಲು ಬಿಡುತ್ತವೆ. ದೊಡ್ಡ ಕ್ಲಬ್ಬುಗಳು ದೂರದ ದ್ವೀಪಗಳಲ್ಲಿ ಸ್ವಂತ ತಂಗುದಾಣಗಳನ್ನೇ ಇಟ್ಟುಕೊಂಡಿವೆ; ಸಿಯಾಟಲ್ ಯಾಟ್ ಕ್ಲಬ್ಬಿಗೆ ಹೆನ್ರಿ ದ್ವೀಪದಲ್ಲಿ ಒಂದು, ಕೆನಡಾದ ಕೋರ್ಟೆಸ್ ಬೇಯಲ್ಲಿ ಇನ್ನೊಂದು ಇದೆ. ಸದಸ್ಯತ್ವದ ದುಡ್ಡು ಹೋಗುವುದು ಬಾರಿನ ಕುರ್ಚಿಗಿಂತ ಹೆಚ್ಚಾಗಿ ಈ ಧಕ್ಕೆಗಳ ಮರದ ಹಲಗೆಗಳಿಗೆ.

ಎಲ್ಲ ಕ್ಲಬ್ಬುಗಳೂ ಇಷ್ಟು ಸ್ಥಿತಿವಂತವಲ್ಲ. ಕಟ್ಟಡವಿಲ್ಲದೆ, ತಿಂಗಳಿಗೊಮ್ಮೆ ಯಾವುದೋ ಬಾಡಿಗೆ ಕೋಣೆಯಲ್ಲಿ ಸೇರುವ, ವಾರ್ಷಿಕ ಚಂದಾ ಜೇಬಿಗೆ ಭಾರವಾಗದ ಸಣ್ಣ ಕ್ಲಬ್ಬುಗಳೂ ಈ ತೀರದಲ್ಲಿವೆ. ಹಳೆಯ ಪಾಪವೊಂದನ್ನೂ ಹೇಳಬೇಕು. ಅಮೆರಿಕದ ಅನೇಕ ಹಳೆಯ ಯಾಟ್ ಕ್ಲಬ್ಬುಗಳು ದಶಕಗಳ ಕಾಲ ಹೆಂಗಸರಿಗೆ ಪೂರ್ಣ ಸದಸ್ಯತ್ವ ಕೊಡಲಿಲ್ಲ. ಕರಿಯರಿಗೆ, ಯಹೂದಿಗಳಿಗೆ ಬಾಗಿಲನ್ನೇ ತೆರೆಯಲಿಲ್ಲ. ಕಾಯಿದೆ ಬದಲಾಗಿ ಬಹಳ ಕಾಲವಾದರೂ ಗೇಟಿನ ಮುಂದೆ ನಿಂತವರಿಗೆ ಆ ಸಂಕೋಚ ಇನ್ನೂ ಪೂರ್ತಿ ಹೋಗಿಲ್ಲ.

ಮೊದಲ ಪಾಠ, ಮಗುಚುವುದು

ಶಾಲೆಗೆ ರಜೆ ಸಿಕ್ಕ ಕೂಡಲೇ ಮಕ್ಕಳ ಶಿಬಿರ ಆರಂಭ. ಎಂಟು–ಹತ್ತು ವರ್ಷದವರಿಗೆ ಕೊಡುವ ದೋಣಿಯ ಹೆಸರು ಆಪ್ಟಿಮಿಸ್ಟ್. ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ 1947ರಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ರೂಪಿಸಿದ ಇದರ ಉದ್ದ 2.3 ಮೀಟರ್, ತೂಕ 35 ಕಿಲೊ. ಮೂತಿ ಕತ್ತರಿಸಿದಂತೆ ಚಪ್ಪಟೆ, ಹಾಯಿ ಒಂದೇ. ನೋಡಲು ಚೆಂದವೇನಿಲ್ಲ, ಆದರೆ ಜಗತ್ತಿನ ದೊಡ್ಡ ದೊಡ್ಡ ಹಾಯಿಪಟುಗಳಲ್ಲಿ ಬಹುತೇಕರು ಅಕ್ಷರ ಕಲಿತಿದ್ದು ಇದರಲ್ಲೇ.

ಮೊದಲ ದಿನದ ಪಾಠದಲ್ಲೇ ದೋಣಿಯನ್ನು ಬೇಕೆಂದೇ ಮಗುಚುತ್ತಾರೆ. ಜೀವರಕ್ಷಕ ಅಂಗಿ ತೊಟ್ಟ ಮಗು ನೀರಿಗೆ ಬೀಳಬೇಕು, ದೋಣಿಯ ಕೆಳಗಿಂದ ಆಚೆ ಬರಬೇಕು, ತಳದಿಂದ ಚಾಚಿದ ಹಲಗೆಯ ಮೇಲೆ ತನ್ನ ಭಾರ ಹಾಕಿ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಬೇಕು. ಹೆದರಿಕೆ ಅಲ್ಲೇ ತೀರುತ್ತದೆ. ಈ ಪಾಠಕ್ಕೆ ವಾಷಿಂಗ್ಟನ್ ಸರೋವರವೇ ತಕ್ಕ ಜಾಗ. ಬೇಸಿಗೆಯಲ್ಲಿ ಅದರ ನೀರು 20 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಕ್ಕದ ಕಡಲಕೊಲ್ಲಿಯಾದ ಪ್ಯೂಜೆಟ್ ಸೌಂಡ್‌ನ ಉಪ್ಪುನೀರು ಅದೇ ಬೇಸಿಗೆಯಲ್ಲಿ ಹತ್ತು–ಹದಿಮೂರು ಡಿಗ್ರಿಯಲ್ಲಿ ಕೊರೆಯುತ್ತಿರುತ್ತದೆ.

ಮಗುವಿಗೆ ಹಾಯಿ ಕಲಿಸಲು ಕ್ಲಬ್ ಸದಸ್ಯರಾಗಲೇಬೇಕೆಂದಿಲ್ಲ. ಮ್ಯಾಗ್ನುಸನ್ ಪಾರ್ಕಿನಲ್ಲಿ ಸೇಲ್ ಸ್ಯಾಂಡ್ ಪಾಯಿಂಟ್ ಎಂಬ ಲಾಭರಹಿತ ಸಂಸ್ಥೆಯಿದೆ. ನಗರದ ಉದ್ಯಾನ ಇಲಾಖೆಯೂ ತರಗತಿ ನಡೆಸುತ್ತದೆ. ನಮ್ಮಲ್ಲೂ ಈ ವಿದ್ಯೆ ಅಪರಿಚಿತವಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ನಡೆಸುವ ತೃಷ್ಣಾ ಸೇಲಿಂಗ್ ಕ್ಲಬ್ಬಿನ ದೋಣಿಗಳನ್ನು ನೋಡಿದವರಿದ್ದಾರೆ. ಸೇನೆಯ ಎಂಜಿನಿಯರುಗಳು 1985ರಿಂದ 87ರವರೆಗೆ ಭೂಮಿಯನ್ನು ಸುತ್ತಿ ಬಂದ ಹಾಯಿನೌಕೆಯ ಹೆಸರೂ ತೃಷ್ಣಾ.

ಬಾತುಕೋಳಿಗೆ ಮೊದಲ ಹಕ್ಕು

ದೊಡ್ಡವರ ಆಟ ಸಂಜೆಯದು. ಆಫೀಸು ಮುಗಿಸಿ ಆರು ಗಂಟೆಗೆ ಧಕ್ಕೆಗೆ ಬಂದರೆ ಮೂರು ತಾಸಿನ ಬೆಳಕು ಸಿಗುತ್ತದೆ. ವಾರದ ಒಂದೊಂದು ಸಂಜೆ ಒಂದೊಂದು ಕಡೆ ಪಂದ್ಯ. ಎಲ್ಲಕ್ಕಿಂತ ಮೋಜಿನದು ಲೇಕ್ ಯೂನಿಯನ್‌ನ ಮಂಗಳವಾರದ ‘ಡಕ್ ಡಾಡ್ಜ್’. 1974ರಿಂದ ನಡೆದು ಬಂದಿರುವ ಇದಕ್ಕೆ ಕ್ಲಬ್ಬಿನ ಹಂಗಿಲ್ಲ. ನೀರಿನಲ್ಲಿ ತೇಲುವ ಬಾತುಕೋಳಿ ತನ್ನ ದಾರಿ ಬದಲಿಸುವಂತೆ ಮಾಡಿದ ದೋಣಿಗೆ ಶಿಕ್ಷೆ ಎಂಬುದು ಇಲ್ಲಿನ ಹೆಮ್ಮೆಯ ನಿಯಮ. ಗೆದ್ದವರಿಗೆ ಬಹುಮಾನ ಒಂದು ಬಾತುಕೋಳಿ ಸ್ಟಿಕರ್. ಒಂದು ವಾರ ಎಲ್ಲರೂ ಕಡಲ್ಗಳ್ಳರ ವೇಷ ಹಾಕಿದರೆ ಇನ್ನೊಂದು ವಾರ ರಾತ್ರಿಯುಡುಪಿನಲ್ಲಿ ಬರುತ್ತಾರೆ. ನಡುವೆ ನೀರಿನ ಮೇಲಿಳಿಯುವ ಪುಟ್ಟ ವಿಮಾನಗಳೂ ಅದೇ ಸರೋವರಕ್ಕೆ ಬಂದಿಳಿಯುತ್ತವೆ. ಗ್ಯಾಸ್ ವರ್ಕ್ಸ್ ಪಾರ್ಕಿನ ದಿಬ್ಬದ ಮೇಲೆ ಕೂತರೆ ಇದೆಲ್ಲ ಬಿಟ್ಟಿ ನೋಟ.

ದಂಡೆಯಲ್ಲಿ ಕೂತವರಿಗೆ ಒಂದು ಗೊಂದಲ ತಪ್ಪಿದ್ದಲ್ಲ. ಎಲ್ಲರಿಗಿಂತ ಮೊದಲು ಬಂದ ದೋಣಿ ಎಷ್ಟೋ ಸಲ ಗೆದ್ದಿರುವುದಿಲ್ಲ. ಕ್ಲಬ್ಬುಗಳ ಪಂದ್ಯದಲ್ಲಿ ಉದ್ದನೆಯ ಹೊಸ ದೋಣಿಯೂ ನಲವತ್ತು ವರ್ಷ ಹಳೆಯ ಗಿಡ್ಡ ದೋಣಿಯೂ ಒಟ್ಟಿಗೆ ಓಡುತ್ತವಲ್ಲ, ಅದಕ್ಕೆ ಪ್ರತಿ ದೋಣಿಗೂ ಒಂದು ಅಂಕ ಗೊತ್ತುಮಾಡಿರುತ್ತಾರೆ: ಒಂದು ಸಮುದ್ರ ಮೈಲಿಗೆ ಇಂತಿಷ್ಟು ಸೆಕೆಂಡ್ ರಿಯಾಯಿತಿ. ಒಂದರ ಅಂಕ 200, ಇನ್ನೊಂದರದು 150 ಎನ್ನಿ. ಐದು ಮೈಲಿಯ ಪಂದ್ಯದಲ್ಲಿ ವೇಗದ ದೋಣಿ ನಿಧಾನದ್ದಕ್ಕೆ 250 ಸೆಕೆಂಡ್, ಅಂದರೆ ನಾಲ್ಕು ನಿಮಿಷ ಹತ್ತು ಸೆಕೆಂಡ್, ಬಿಟ್ಟುಕೊಡಬೇಕು. ನಾಲ್ಕು ನಿಮಿಷ ಹಿಂದೆ ಬಂದ ಮುದಿ ದೋಣಿಯ ಯಜಮಾನ ಕುಣಿದಾಡುವುದು ಅದಕ್ಕೇ. ಯಾರಿಗೆ ಎಷ್ಟು ಅಂಕ ಸಲ್ಲಬೇಕೆಂಬ ಜಗಳಕ್ಕಂತೂ ಚಳಿಗಾಲವಿಡೀ ಬಿಡುವಿಲ್ಲ.

ಸಿಹಿನೀರಿನಿಂದ ಉಪ್ಪುನೀರಿಗೆ

ಸರೋವರದ ಆಟ ಸಾಕಾಗಿ ಕಡಲಿಗೆ ಹೋಗಬೇಕಾದವರು ಬ್ಯಾಲರ್ಡ್‌ನ ನೀರುಗಟ್ಟೆಗಳನ್ನು ದಾಟಬೇಕು. ಸರೋವರಗಳ ನೀರು ಕಡಲಿಗಿಂತ 20ರಿಂದ 22 ಅಡಿ ಮೇಲಿದೆ. ಎರಡರ ನಡುವೆ ಬಾಗಿಲುಗಳಿರುವ ಎರಡು ಕೋಣೆಗಳು. ದೊಡ್ಡದು 825 ಅಡಿ ಉದ್ದ, 80 ಅಡಿ ಅಗಲ. ದೋಣಿಗಳು ಒಳಗೆ ಬಂದು ನಿಂತ ಮೇಲೆ ಮೇಲಿನ ಬಾಗಿಲು ಮುಚ್ಚಿ ನೀರನ್ನು ಮೆಲ್ಲಗೆ ಕಡಲಿನ ಮಟ್ಟಕ್ಕೆ ಇಳಿಸುತ್ತಾರೆ, ಬಳಿಕ ಕೆಳಗಿನ ಬಾಗಿಲು ತೆರೆಯುತ್ತದೆ. ಪಂಪು ಬೇಕಿಲ್ಲ, ಇಳಿಜಾರೇ ಕೆಲಸ ಮಾಡುತ್ತದೆ. ಸೇನೆಯ ಎಂಜಿನಿಯರುಗಳು ನಡೆಸುವ ಈ ಕಟ್ಟೆ ವಿಧ್ಯುಕ್ತವಾಗಿ ತೆರೆದುಕೊಂಡಿದ್ದು 1917ರ ಜುಲೈ 4ರಂದು. ದಾಟಲು ಶುಲ್ಕವಿಲ್ಲ.

ರಜೆಯ ಹಿಂದಿನ ಸಂಜೆ ಇಲ್ಲಿ ನಿಂತು ನೋಡಿದರೆ ಕ್ಲಬ್ಬಿನ ಗತ್ತೆಲ್ಲ ಎಷ್ಟು ತೆಳು ಎಂದು ತಿಳಿಯುತ್ತದೆ. ದೊಡ್ಡ ಕೋಣೆಗೆ ಬರುವ ದೋಣಿಯಲ್ಲಿ 50 ಅಡಿಯ ಎರಡು ಹಗ್ಗಗಳಿರಬೇಕು, ತುದಿಯಲ್ಲಿ ಕುಣಿಕೆ ಹಾಕಿರಬೇಕು. ನೀರು ಇಳಿದ ಹಾಗೆ ಹಗ್ಗವನ್ನು ಸಡಿಲಿಸುತ್ತಾ ಹೋಗಬೇಕು. ಬಿಗಿದು ಗಂಟು ಹಾಕಿ ಮರೆತರೆ ನೀರು ಕೆಳಗೆ ಹೋಗುತ್ತದೆ, ದೋಣಿ ಗೋಡೆಗೆ ನೇತಾಡುತ್ತದೆ. ಮೇಲೆ ಕಂಬಿಗೊರಗಿ ನೂರಾರು ಪ್ರವಾಸಿಗರು ಐಸ್‌ಕ್ರೀಂ ತಿನ್ನುತ್ತಾ ನೋಡುತ್ತಿರುತ್ತಾರೆ. ಗಂಡ ಚುಕ್ಕಾಣಿ ಹಿಡಿದು ಕೂಗುವುದು, ಹೆಂಡತಿ ಹಗ್ಗ ಹಿಡಿದು ತಿರುಗಿ ಕೂಗುವುದು ಇಲ್ಲಿ ದಿನದ ಸಂಗೀತ.

ಪಕ್ಕದಲ್ಲೇ ಮೀನುಗಳಿಗೊಂದು ಮೆಟ್ಟಿಲಿದೆ, 21 ಹಂತಗಳದ್ದು. ಜುಲೈಯಲ್ಲಿ ಸಾಕೈ ಸಾಮನ್, ಆಗಸ್ಟ್‌ನಲ್ಲಿ ಚಿನೂಕ್ ಮೀನುಗಳು ಗಾಜಿನಾಚೆ ಪ್ರವಾಹಕ್ಕೆದುರಾಗಿ ಹತ್ತುವುದು ಕಾಣುತ್ತದೆ. ಈ ಮೆಟ್ಟಿಲು ಬೇಕಾದದ್ದೇ ಸರೋವರಗಳನ್ನು ಕಡಲಿಗೆ ಸೇರಿಸುವ ಕಾಲುವೆ ತೋಡಿದ್ದರಿಂದ. ಆ ಕಾಮಗಾರಿಯಿಂದ 1916ರಲ್ಲಿ ವಾಷಿಂಗ್ಟನ್ ಸರೋವರ ಸುಮಾರು ಒಂಬತ್ತು ಅಡಿ ತಗ್ಗಿತು, ಅದರಿಂದ ಹೊರಡುತ್ತಿದ್ದ ಬ್ಲ್ಯಾಕ್ ರಿವರ್ ಎಂಬ ನದಿ ಬತ್ತಿತು. ಅದರ ದಂಡೆಯಲ್ಲಿ ಬಾಳಿದ್ದ ಮೂಲನಿವಾಸಿ ಡುವಾಮಿಶ್ ಜನರ ಮೀನು, ದಾರಿ ಎರಡೂ ಹೋದವು. ಬಣ್ಣದ ದೋಣಿಗಳ ಮೆರವಣಿಗೆ ಸಾಗುವುದು ಆ ನದಿಯನ್ನು ಬಲಿಕೊಟ್ಟು ತೋಡಿದ ಕಾಲುವೆಯಲ್ಲಿ.

ಯಜಮಾನ ಯಾರು?

ಕಟ್ಟೆಯಾಚೆ ಕ್ಲಬ್ಬಿನ ಕಮೊಡೋರ್ ಮಾತು ನಡೆಯುವುದಿಲ್ಲ. ಅಲ್ಲಿ ಹೊರಡುವ ಗಳಿಗೆ, ತಂಗುವ ಜಾಗ, ಊಟದ ಹೊತ್ತು ಎಲ್ಲವನ್ನೂ ಗೊತ್ತುಮಾಡುವುದು ಉಬ್ಬರ–ಇಳಿತದ ಕೋಷ್ಟಕ. ನಮ್ಮ ಹಿರಿಯರು ಪಂಚಾಂಗ ತೆರೆಯದೆ ಮದುವೆ ಮಾತೆತ್ತದಂತೆ ಇವರು ಅದನ್ನು ತೆರೆಯದೆ ಲಂಗರು ಎತ್ತುವುದಿಲ್ಲ.

ಕಾರಣ ಸರಳ. ಮಂಗಳೂರಿನಲ್ಲಿ ಅಮಾವಾಸ್ಯೆ–ಹುಣ್ಣಿಮೆಯ ಉಬ್ಬರವೂ ಒಂದೂವರೆ ಮೀಟರಿನ ಆಸುಪಾಸಿನದು. ಸಿಯಾಟಲ್‌ನಲ್ಲಿ ದಿನದ ಅತಿ ಎತ್ತರಕ್ಕೂ ಅತಿ ತಗ್ಗಿಗೂ ಸರಾಸರಿ ಸುಮಾರು 3.5 ಮೀಟರ್ ಅಂತರ. ಕೆಲವು ದಿನ ನಾಲ್ಕನ್ನೂ ದಾಟುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಆದರೆ ಎರಡೂ ಒಂದೇ ಎತ್ತರದವಲ್ಲ. ಬೇಸಿಗೆಯಲ್ಲಿ ನೀರು ತೀರಾ ತಗ್ಗುವುದು ಹಗಲಿನಲ್ಲಿ, ಚಳಿಗಾಲದಲ್ಲಿ ರಾತ್ರಿ. ಜೂನ್ ತಿಂಗಳ ಅಂಥ ಮಧ್ಯಾಹ್ನಗಳಲ್ಲಿ ತೀರದ ಬಂಡೆಗಳ ನಡುವೆ ನಡೆದು ನಕ್ಷತ್ರಮೀನು ನೋಡಬಹುದು. ಊರಿನಿಂದ ಬಂದ ಹಿರಿಯರನ್ನು ಕರೆದೊಯ್ಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇಷ್ಟೊಂದು ನೀರು ದಿನಕ್ಕೆ ನಾಲ್ಕು ಸಲ ಇಕ್ಕಟ್ಟಾದ ಸಂದಿಗಳಲ್ಲಿ ನುಗ್ಗಬೇಕು. ವಿಡ್ಬಿ ಮತ್ತು ಫಿಡಾಲ್ಗೊ ದ್ವೀಪಗಳ ನಡುವಿನ ಡಿಸೆಪ್ಷನ್ ಪಾಸ್ ಎಂಬ ಸಂದಿಯಲ್ಲಿ ಪ್ರವಾಹ ಎಂಟು ನಾಟ್ ಮುಟ್ಟುತ್ತದೆ, ಗಂಟೆಗೆ ಹೆಚ್ಚುಕಡಿಮೆ 15 ಕಿಲೊಮೀಟರ್. ಸಾಧಾರಣ ಹಾಯಿದೋಣಿ ಎಂಜಿನ್ ಹಾಕಿದರೂ ಓಡುವುದು ಐದಾರು ನಾಟ್. ಎದುರು ಪ್ರವಾಹದಲ್ಲಿ ಅದು ಮುಂದಕ್ಕೆ ಓಡುತ್ತಾ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ನೀರು ನಿಲ್ಲುವ ಕೆಲವೇ ನಿಮಿಷಗಳಿಗಾಗಿ ಸಂದಿಯ ಬಾಯಲ್ಲಿ ದೋಣಿಗಳು ಸುತ್ತು ಹಾಕುತ್ತಾ ಕಾಯುತ್ತವೆ.

ಹೊಸಬರು ಎಡವುವುದು ಇಲ್ಲೇ. ಉಬ್ಬರ ತುಂಬಿದ ಗಳಿಗೆಯೇ ಪ್ರವಾಹ ನಿಲ್ಲುವ ಗಳಿಗೆ ಎಂದುಕೊಳ್ಳುತ್ತಾರೆ. ಎಷ್ಟೋ ಸಂದಿಗಳಲ್ಲಿ ಹಾಗಾಗುವುದಿಲ್ಲ. ಸಂದಿಯ ಆಚೆ ಒಂದು ಕೊಳ್ಳ, ಈಚೆ ಒಂದು ಕೊಳ್ಳ. ನೀರು ನಿಲ್ಲುವುದು ಎರಡರ ಮಟ್ಟ ಸಮವಾದಾಗ. ಹಾಗಾಗಿ ಎತ್ತರಕ್ಕೊಂದು, ಪ್ರವಾಹಕ್ಕೊಂದು, ಬೇರೆ ಬೇರೆ ಕೋಷ್ಟಕಗಳನ್ನು ನೋಡಬೇಕು. ಗಾಳಿ ಒಂದು ದಿಕ್ಕಿನಿಂದ ಬೀಸಿ ಪ್ರವಾಹ ಅದಕ್ಕೆದುರಾಗಿ ಹರಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಶಾಂತ ದಿನದ ಮುನ್ಸೂಚನೆ ನಂಬಿ ಹೊರಟವರು ಕಂಗಾಲಾಗುವುದು ಆಗ.

ಲಂಗರಿಗೂ ಇದೇ ಲೆಕ್ಕ. ತುಂಬಿದ ಉಬ್ಬರದಲ್ಲಿ ಐದು ಮೀಟರ್ ಆಳ ನೋಡಿ ಲಂಗರು ಹಾಕಿದಿರಿ. ನಸುಕಿಗೆ ನೀರು ನಾಲ್ಕು ಮೀಟರ್ ಇಳಿಯಿತು. ಉಳಿದದ್ದು ಒಂದು, ನಿಮ್ಮ ದೋಣಿಯ ತಳಕ್ಕೆ ಬೇಕಾದದ್ದು ಎರಡು. ಕಾಫಿ ಪಾತ್ರೆ ಜಾರಿ ಬಿದ್ದ ಸದ್ದಿಗೆ ಎಚ್ಚರವಾದಾಗ ದೋಣಿ ಕೆಸರಿನಲ್ಲಿ ಪಕ್ಕಕ್ಕೊರಗಿ ಮಲಗಿರುತ್ತದೆ. ಕ್ಲಬ್ಬಿನ ಚಳಿಗಾಲದ ಸಭೆಗಳಲ್ಲಿ ಹಳಬರು ಹೊಸಬರಿಗೆ ಹೇಳಿಕೊಡುವುದು ಹೆಚ್ಚಾಗಿ ಇದನ್ನೇ. ಯಾವ ಕೊಲ್ಲಿಯಲ್ಲಿ ತಳ ಜಿಗುಟು, ಯಾವುದರಲ್ಲಿ ಕಲ್ಲು, ಯಾವ ಸಂದಿಗೆ ಎಷ್ಟು ಗಂಟೆಗೆ ಹೋಗಬೇಕು ಎಂಬ ತಿಳಿವಳಿಕೆಯ ಮುಂದೆ ಕ್ಲಬ್ಬಿನ ಕಟ್ಟಡ ಏನೇನೂ ಅಲ್ಲ.

ಹಂದಿ ಸತ್ತ ದ್ವೀಪ, ಚಂದಾ ಎತ್ತಿ ಕೊಂಡ ದ್ವೀಪ

‘ಕ್ರೂಸ್’ ಎಂದರೆ ನಮ್ಮ ಕಣ್ಣಿಗೆ ಬರುವುದು ಹತ್ತು ಅಂತಸ್ತಿನ ಹಡಗು. ಕ್ಲಬ್ಬಿನವರ ಕ್ರೂಸ್ ಅದಲ್ಲ. ಹತ್ತಿಪ್ಪತ್ತು ದೋಣಿಗಳು ವಾರವೋ ಎರಡು ವಾರವೋ ಒಂದೇ ದಾರಿ ಹಿಡಿದು, ಹಗಲು ಬೇರೆಬೇರೆಯಾಗಿ ಸಾಗಿ, ಸಂಜೆ ಒಂದೇ ಕೊಲ್ಲಿಯಲ್ಲಿ ಸೇರುವ ಪ್ರಯಾಣ. ಸಿಯಾಟಲ್‌ನಿಂದ ಹೊರಡುವವರ ಮೊದಲ ಗುರಿ ಸಾನ್ ಹ್ವಾನ್ ದ್ವೀಪಗಳು. ಅರವತ್ತು ಸಮುದ್ರ ಮೈಲಿಗೂ ಮಿಕ್ಕಿದ ದೂರ. ಹೆಚ್ಚಿನವರು ನಡುವೆ ಒಂದು ರಾತ್ರಿ ತಂಗುತ್ತಾರೆ. ಜುಲೈ–ಆಗಸ್ಟ್‌ನಲ್ಲಿ ಇಲ್ಲಿ ಗಾಳಿ ಸೋಮಾರಿ. ಹಾಯಿದೋಣಿ ಎಂದು ಹೆಸರು ಹೊತ್ತದ್ದು ಅರ್ಧ ದಾರಿ ಡೀಸೆಲ್ ಎಂಜಿನ್ನಿನಲ್ಲೇ ಸಾಗುವುದುಂಟು, ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ.

ಸಂಜೆ ಒಂದು ದೋಣಿ ಲಂಗರು ಹಾಕಿದರೆ ಉಳಿದವು ಅದರ ಮಗ್ಗುಲಿಗೆ ಒಂದಾದಮೇಲೊಂದು ಕಟ್ಟಿಕೊಳ್ಳುತ್ತವೆ. ಪಕ್ಕದ ದೋಣಿ ದಾಟಿ ಹೋಗಬೇಕಾದರೆ ಮುಂಭಾಗದಿಂದ ಹೋಗಬೇಕು, ಜನ ಕೂತು ಮಾತಾಡುವ ಹಿಂಭಾಗ ಅವರ ಜಗಲಿ. ಊಟ ಎಲ್ಲರೂ ಒಂದೊಂದು ತಂದು ಹಂಚಿಕೊಳ್ಳುವ ಕ್ರಮ. ಅಡುಗೆಮನೆ ಒಂದು ಕಪಾಟಿನಷ್ಟಗಲ. ನಮ್ಮವರಿಗೆ ಹೇಳಲೇಬೇಕಾದ ಮಾತೆಂದರೆ, ದೂರ ಪಯಣದ ಹಾಯಿಗರು ಬಹಳ ಹಿಂದೆಯೇ ಪ್ರೆಶರ್ ಕುಕ್ಕರಿಗೆ ಮಾರುಹೋಗಿದ್ದಾರೆ: ಗ್ಯಾಸ್ ಉಳಿಯುತ್ತದೆ, ದೋಣಿ ವಾಲಿದರೂ ಸಾರು ಚೆಲ್ಲುವುದಿಲ್ಲ. ಮೀನು–ಮಾಂಸ ತಿನ್ನುವವರಿಗೆ ಏಡಿಯ ಆಸೆ. ಪ್ಯೂಜೆಟ್ ಸೌಂಡ್‌ನಲ್ಲಿ ಡಂಜನೆಸ್ ಏಡಿ ಹಿಡಿಯಲು ಪರವಾನಗಿ ಬೇಕು, ಗಂಡೇ ಆಗಿರಬೇಕು, ಚಿಪ್ಪು ಗಟ್ಟಿಯಾಗಿದ್ದು ಆರೂಕಾಲು ಅಂಗುಲ ಅಗಲವಿರಬೇಕು, ದಿನಕ್ಕೆ ತಲಾ ಐದೇ. ಅಳತೆಪಟ್ಟಿ ಹಿಡಿದು ಏಡಿಯೊಡನೆ ಸೆಣಸುವವರನ್ನು ಪ್ರತಿ ಧಕ್ಕೆಯಲ್ಲೂ ಕಾಣಬಹುದು.

ಸಾನ್ ಹ್ವಾನ್ ದ್ವೀಪಕ್ಕಾಗಿ ಅಮೆರಿಕ, ಬ್ರಿಟನ್ ಎರಡೂ ಹಕ್ಕು ಸಾರಿದ್ದ ಕಾಲದಲ್ಲಿ, 1859ರಲ್ಲಿ, ಅಮೆರಿಕದ ರೈತನೊಬ್ಬ ತನ್ನ ಆಲೂಗಡ್ಡೆ ತೋಟಕ್ಕೆ ನುಗ್ಗಿದ ಹಂದಿಗೆ ಗುಂಡು ಹಾರಿಸಿದ. ಹಂದಿ ಬ್ರಿಟಿಷ್ ಕಂಪನಿಯದು. ಎರಡೂ ಕಡೆ ಸೈನ್ಯ, ಯುದ್ಧನೌಕೆ ಬಂದು ನಿಂತವು. ಹನ್ನೆರಡು ವರ್ಷ ದ್ವೀಪದ ಎರಡು ತುದಿಗಳಲ್ಲಿ ಎರಡು ಶಿಬಿರಗಳಿದ್ದು, ಕೊನೆಗೆ 1872ರಲ್ಲಿ ಜರ್ಮನಿಯ ಚಕ್ರವರ್ತಿ ಮಧ್ಯಸ್ಥನಾಗಿ ಅಮೆರಿಕದ ಪರ ತೀರ್ಪಿತ್ತ. ಈ ‘ಹಂದಿ ಯುದ್ಧ’ದಲ್ಲಿ ಸತ್ತದ್ದು ಹಂದಿ ಒಂದೇ. ಬ್ರಿಟಿಷ್ ಶಿಬಿರವಿದ್ದ ಗ್ಯಾರಿಸನ್ ಬೇ ಈಗ ಲಂಗರು ಹಾಕಲು ಬಹಳ ಬೇಡಿಕೆಯ ಕೊಲ್ಲಿ.

ಅಂದು ಎಳೆದ ಗಡಿ ನೀರಿನ ಮೇಲೆ ಕಾಣುವುದಿಲ್ಲ, ಕಾನೂನಿನಲ್ಲಿ ಮಾತ್ರ ಗಟ್ಟಿಯಾಗಿದೆ. ಎದುರಿಗೆ ಕೈಗೆಟಕುವಂತಿರುವ ದ್ವೀಪ ಕೆನಡಾದ್ದಾಗಿರಬಹುದು. ಭಾರತದ ಪಾಸ್‌ಪೋರ್ಟ್ ಹಿಡಿದವರು ಗ್ರೀನ್ ಕಾರ್ಡ್ ಇಲ್ಲದಿದ್ದರೆ ಅಲ್ಲಿ ಕಾಲಿಡಲು ವೀಸಾ ಪಡೆದಿರಬೇಕು. ಗೆಳೆಯರ ದೋಣಿಯಲ್ಲಿ ಕೂರುವ ಮುನ್ನ ಈ ಮಾತು ಕೇಳಿ ತಿಳಿದುಕೊಳ್ಳುವುದು ಕ್ಷೇಮ.

ಈ ದ್ವೀಪಗಳ ಉತ್ತರದಂಚಿನಲ್ಲಿ ಕೈಬೆರಳು ಚಾಚಿದಂತೆ ಕಾಣುವ ಸೂಷಾ ಎಂಬ ದ್ವೀಪವಿದೆ. ಖಾಸಗಿಯವರ ಪಾಲಾಗುವುದರಲ್ಲಿದ್ದ ಇದನ್ನು ಉಳಿಸಿದ್ದು ಕ್ಲಬ್ಬುಗಳೇ. ಎವ್ ಹೆನ್ರಿ ಎಂಬವರ ಮುಂದಾಳುತನದಲ್ಲಿ ಪ್ಯೂಜೆಟ್ ಸೌಂಡ್‌ನ ಕ್ಲಬ್ಬುಗಳ ಒಕ್ಕೂಟ ದೋಣಿಯವರಿಂದ ಚಿಲ್ಲರೆ ಚಿಲ್ಲರೆ ಚಂದಾ ಎತ್ತಿ, ಸುಮಾರು 25 ಸಾವಿರ ಡಾಲರ್ ಕೂಡಿಸಿ, 1960ರಲ್ಲಿ ಜಾಗವನ್ನು ಕೊಂಡು ರಾಜ್ಯದ ಉದ್ಯಾನಕ್ಕೆ ದಾನ ಕೊಟ್ಟಿತು. ಬಾವುಟ, ಬ್ಲೇಜರ್‌ಗಳ ಒಂದು ಶತಮಾನದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೆಲಸ ನನಗೆ ಕಾಣುವುದಿಲ್ಲ. ಕ್ಲಬ್ಬಿನವರಲ್ಲದವರೂ ಇಂದು ಅಲ್ಲಿ ದೋಣಿ ನಿಲ್ಲಿಸಿ ಡೇರೆ ಹಾಕಬಹುದು. ವಾಷಿಂಗ್ಟನ್ ರಾಜ್ಯದಲ್ಲಿ ಸಿಕ್ಕ ಮೊದಲ ಡೈನೋಸಾರ್ ಪಳೆಯುಳಿಕೆ, ತೊಡೆಯ ಮೂಳೆಯ ಒಂದು ತುಂಡು, 2012ರಲ್ಲಿ ಸಿಕ್ಕಿದ್ದೂ ಇದೇ ತೀರದಲ್ಲಿ.

ಇನ್ನೂ ಉತ್ತರಕ್ಕೆ

ತಿಂಗಳ ಬಿಡುವಿದ್ದವರು ಕೆನಡಾದ ಡೆಸೊಲೇಷನ್ ಸೌಂಡ್‌ವರೆಗೆ ಹೋಗುತ್ತಾರೆ. ವ್ಯಾಂಕೂವರ್ ದ್ವೀಪವನ್ನು ಎರಡೂ ಕಡೆಯಿಂದ ಸುತ್ತಿ ಬರುವ ಉಬ್ಬರಗಳು ಸಂಧಿಸುವ ತಾಣ ಅದರ ಸಮೀಪವೇ. ಹಾಗಾಗಿ ನೀರಿನ ಓಡಾಟ ಅಲ್ಲಿ ಕಡಿಮೆ. ಬಿಸಿಲಿಗೆ ಕಾದ ಮೇಲ್ನೀರು ಕದಲದೆ 20 ಡಿಗ್ರಿಗೂ ಮೇಲೇರುತ್ತದೆ. 1792ರಲ್ಲಿ ಬಂದ ನಾವಿಕ ಜಾರ್ಜ್ ವ್ಯಾಂಕೂವರ್ ಈ ಜಾಗಕ್ಕೆ ಹಾಳುಬಿದ್ದದ್ದೆಂಬ ಅರ್ಥದ ಹೆಸರಿಟ್ಟು ಹೋದ. ಈಗ ಆಗಸ್ಟ್‌ನಲ್ಲಿ ಅಲ್ಲಿ ಲಂಗರು ಹಾಕಲು ಜಾಗ ಸಿಕ್ಕರೆ ಪುಣ್ಯ.

ಅದರಾಚೆ ಸೀಮೋರ್ ನ್ಯಾರೋಸ್. ಪ್ರವಾಹ 15 ನಾಟ್ ಮುಟ್ಟುವ ಈ ಸಂದಿಯ ನಡುವೆ ರಿಪಲ್ ರಾಕ್ ಎಂಬ ಮುಳುಗುಬಂಡೆಯಿತ್ತು. ನೂರಕ್ಕೂ ಹೆಚ್ಚು ಹಡಗು–ದೋಣಿಗಳನ್ನು, ನೂರಕ್ಕೂ ಹೆಚ್ಚು ಜೀವಗಳನ್ನು ಅದು ನುಂಗಿತ್ತು. ಮೇಲಿನಿಂದ ಒಡೆಯಲು ಹೋದಾಗೆಲ್ಲ ಪ್ರವಾಹ ಬಿಡಲಿಲ್ಲ. ಕೊನೆಗೆ ಪಕ್ಕದ ದ್ವೀಪದಿಂದ ಕಡಲಿನ ತಳದಡಿ ಸುರಂಗ ಕೊರೆದು, ಬಂಡೆಯ ಹೊಟ್ಟೆಗೇ ಸಾವಿರ ಟನ್ನಿಗೂ ಮಿಕ್ಕಿದ ಸ್ಫೋಟಕ ತುಂಬಿ, 1958ರ ಏಪ್ರಿಲ್ 5ರಂದು ಹಾರಿಸಿದರು. ಬಂಡೆಯ ನೆತ್ತಿ ಹೋಯಿತು. ಪ್ರವಾಹ ಹಾಗೇ ಇದೆ, ಈಗಲೂ ಕೋಷ್ಟಕ ನೋಡಿಯೇ ದಾಟಬೇಕು.

ತಣ್ಣೀರು, ಕೊಳೆ, ತಿಮಿಂಗಿಲ

ಬಿಸಿಲು ಎಷ್ಟೇ ಇರಲಿ, ಪ್ಯೂಜೆಟ್ ಸೌಂಡ್‌ಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ. ಕೈಕಾಲು ಹಿಡಿತದಲ್ಲಿರುವುದು ಹೆಚ್ಚೆಂದರೆ ಹತ್ತು ನಿಮಿಷ. ಈಜು ಬಲ್ಲವರೂ ಸಾಯುವುದು ಹೀಗೆ. ಹಳಬರು ಬೇಸಿಗೆಯ ಸೆಕೆಯಲ್ಲೂ ಜೀವರಕ್ಷಕ ಅಂಗಿ ಬಿಚ್ಚದಿರುವುದು ಅದಕ್ಕೇ.

ನೀರಿಗೂ ದೋಣಿಗಳಿಂದ ರಕ್ಷಣೆ ಬೇಕು. 2018ರಿಂದ ಪ್ಯೂಜೆಟ್ ಸೌಂಡ್‌ನಲ್ಲಿ ಶೌಚದ ನೀರನ್ನು, ಸಂಸ್ಕರಿಸಿದ್ದನ್ನೂ ಸಹ, ದೋಣಿಯಿಂದ ಹೊರಬಿಡುವಂತಿಲ್ಲ; ತೊಟ್ಟಿಯಲ್ಲಿಟ್ಟುಕೊಂಡು ದಡದ ಪಂಪಿಗೆ ಕೊಡಬೇಕು. ಈ ಕಡಲಿನಲ್ಲೇ ಬಾಳುವ ದಕ್ಷಿಣದ ಓರ್ಕಾ ತಿಮಿಂಗಿಲಗಳು ಎಪ್ಪತ್ತು ಚಿಲ್ಲರೆ ಮಾತ್ರ ಉಳಿದಿವೆ. ಅವು ಸದ್ದಿನ ಪ್ರತಿಧ್ವನಿ ಹಿಡಿದು ಚಿನೂಕ್ ಮೀನು ಹುಡುಕುತ್ತವೆ, ಎಂಜಿನ್ ಗದ್ದಲದಲ್ಲಿ ಬೇಟೆ ತಪ್ಪುತ್ತದೆ. 2025ರ ಜನವರಿಯಿಂದ ವಾಷಿಂಗ್ಟನ್‌ನಲ್ಲಿ ಅವುಗಳಿಂದ ಸಾವಿರ ಗಜ ದೂರವಿರುವುದು ಕಡ್ಡಾಯ. ಫೋಟೊ ಚೆನ್ನಾಗಿ ಬರುವುದಿಲ್ಲ ಎಂಬ ಗೊಣಗಾಟವೂ ಇದೆ.

ದೋಣಿ ಇಲ್ಲದವರಿಗೆ

ತೇಲುಸೇತುವೆಯ ಮೇಲೆ ಅಮ್ಮನಿಗೆ ಮಗ ಕೊಟ್ಟ ‘ದುಡ್ಡಿದ್ದೋರು’ ಎಂಬ ಉತ್ತರ ಪೂರ್ತಿ ಸುಳ್ಳಲ್ಲ. 1970ರ ದಶಕದ ಸಣ್ಣ ಹಾಯಿದೋಣಿಯೊಂದು ಹಳೆಯ ಕಾರಿನ ಬೆಲೆಗೆ ಸಿಗುತ್ತದೆ ನಿಜ. ಅದನ್ನು ಕಟ್ಟುವ ಜಾಗದ ಬಾಡಿಗೆ, ತಳಕ್ಕೆ ಬಣ್ಣ, ವಿಮೆ, ಹಾಯಿ ರಿಪೇರಿ ಎಂದು ತಿಂಗಳು ತಿಂಗಳೂ ಹೋಗುವುದು ಬೇರೆ. ಆದರೆ ಪಂದ್ಯದ ದೋಣಿಗೆ ಐದಾರು ಜೊತೆ ಕೈ ಬೇಕು, ಸ್ವಂತ ದೋಣಿ ಇರುವವರೆಲ್ಲ ತಮ್ಮ ತಮ್ಮ ದೋಣಿಯಲ್ಲಿರುತ್ತಾರೆ. ಹಾಗಾಗಿ ಜನಕ್ಕೆ ಸದಾ ಕೊರತೆ. ಕ್ಲಬ್ಬುಗಳು ತಮ್ಮ ಫಲಕದಲ್ಲಿ ‘ಜನ ಬೇಕಾಗಿದ್ದಾರೆ’ ಎಂಬ ಪಟ್ಟಿ ಹಾಕುತ್ತವೆ. ಅನುಭವ ಕೇಳುವವರು ಕಡಿಮೆ. ನೆಲಕ್ಕೆ ಗುರುತು ಬೀಳದ ಮೆತ್ತನೆಯ ಅಡಿಯ ಬೂಟು, ಒಂದು ಕೈಗವಸು, ಹೇಳಿದ ಹೊತ್ತಿಗೆ ಬರುವ ಶಿಸ್ತು ಇದ್ದರೆ ಸಾಕು. ಲೇಕ್ ಯೂನಿಯನ್‌ನ ಮರದ ದೋಣಿಗಳ ಕೇಂದ್ರದವರು ಭಾನುವಾರಗಳಲ್ಲಿ ಸಾರ್ವಜನಿಕರನ್ನು ಉಚಿತವಾಗಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸುವ ರೂಢಿ ಇಟ್ಟುಕೊಂಡಿದ್ದಾರೆ. ನೀರಿನ ಮೇಲೆ ಹೊಟ್ಟೆ ತೊಳೆಸುತ್ತದೋ ಇಲ್ಲವೋ ಎಂದು ಮೊದಲು ಅಲ್ಲಿ ನೋಡಿಕೊಳ್ಳಬಹುದು.

ಒಂದು ಸಣ್ಣ ಗುಟ್ಟಿದೆ. ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನ ಕಳೆಯುತ್ತಲೇ ದ್ವೀಪಗಳ ಧಕ್ಕೆಗಳು ಖಾಲಿಯಾಗುತ್ತವೆ, ಮಕ್ಕಳು ಶಾಲೆಗೆ, ಬ್ಲೇಜರುಗಳು ಬೀರುವಿಗೆ. ಸಿಯಾಟಲ್‌ನಲ್ಲಿ ನಿಜವಾದ ಗಾಳಿ ಏಳುವುದು ಅದಾದ ಮೇಲೆ, ಅಕ್ಟೋಬರ್‌ನಿಂದ. ಪಂದ್ಯದ ಹುಚ್ಚಿರುವವರು ಚಳಿಗಾಲದ ಸರಣಿಗೆ ಇಳಿಯುವ ಹೊತ್ತಿಗೆ ಬೇಸಿಗೆಯ ಜೊತೆಗಾರರೆಲ್ಲ ಬೆಚ್ಚಗೆ ಮನೆ ಸೇರಿರುತ್ತಾರೆ. ಐದು ಡಿಗ್ರಿ ಚಳಿ, ಅಡ್ಡಮಳೆ, ಬೆಳಿಗ್ಗೆ ಎಂಟಕ್ಕೇ ಧಕ್ಕೆಗೆ ಬರಬೇಕು ಎಂದರೆ ಒಪ್ಪುವವರು ಸಿಗುವುದಿಲ್ಲ. ಉಣ್ಣೆ ಟೋಪಿ ಹಾಕಿಕೊಂಡು ಆಗ ಹೋಗಿ ಕೇಳಿದ ಹೊಸಬರಿಗೆ ಹಗ್ಗ ಕೂಡಲೇ ಕೈಗೆ ಬರುತ್ತದೆ, ಮುಂದಿನ ಜುಲೈಯ ದ್ವೀಪಯಾನದಲ್ಲಿ ಒಂದು ಮಲಗುವ ಹಲಗೆಯೂ ಹೆಚ್ಚಾಗಿ ಖಾತ್ರಿಯಾಗುತ್ತದೆ.